ಕೊಬ್ಬರಿ ಎಣ್ಣೆ ಗಟ್ಟಿಯಾದ ಶುಕ್ರವಾರ

ನಮ್ಮ ಮನೆಗೆ ಹಿಮಗಾಲ ಬಂದದ್ದು ದುಬೈಯಲ್ಲಿ, ಅಲ್ ಬರ್ಷಾದ ಮೂರನೇ ಮಹಡಿಯ ಫ್ಲಾಟಿನಲ್ಲಿ, ವಾರದ ರಜೆಯ ಶುಕ್ರವಾರಗಳಲ್ಲಿ, ಮಧ್ಯಾಹ್ನ ಊಟವಾದ ಮೇಲೆ. ತಂದವರು ನಮ್ಮ ಯಜಮಾನರು. ಹಾಲ್‌ನ ಕಿಟಕಿಗಳನ್ನೆಲ್ಲ ಮುಚ್ಚಿ, ಎ.ಸಿ.ಯನ್ನು ಅದು ಇಳಿಯುವಷ್ಟೂ ಇಳಿಸಿ, ಸೋಫಾದ ಮೇಲೆ ಕೂತುಬಿಡುತ್ತಿದ್ದರು. ನಾನು ಮತ್ತು ಒಂದನೇ ಕ್ಲಾಸಿನ ಮಗಳು ಸ್ವೆಟರ್, ಮಂಕಿ ಕ್ಯಾಪ್, ಒಂದರ ಮೇಲೊಂದು ಕಾಲುಚೀಲ ಹಾಕಿಕೊಂಡು ಅವರ ಎದುರು ಕೂರಬೇಕು. ಇದಕ್ಕೆ ಅವರು ಇಟ್ಟ ಹೆಸರು ‘ಚಳಿ ಅಭ್ಯಾಸ’. ಹೊರಗೆ ಜನವರಿಯ ಎಳೆ ಬಿಸಿಲು. ವರ್ಷದಲ್ಲಿ ಅಪರೂಪಕ್ಕೆ ಸಿಗುವ ಆ ಹವೆಗೆ ಊರಿನವರೆಲ್ಲ ಚಾಪೆ, ಬುತ್ತಿ ಕಟ್ಟಿಕೊಂಡು ಮಕ್ಕಳ ಸಮೇತ ಬೀಚಿಗೆ ಹೋಗುತ್ತಿದ್ದರು. ನಾವು ಮಾತ್ರ ಬಾಗಿಲು ಹಾಕಿಕೊಂಡು ನಡುಗುತ್ತ ಕೂತಿರುತ್ತಿದ್ದೆವು.

“ಅಲ್ರೀ, ಅಭ್ಯಾಸ ಮಾಡೋಕೆ ಚಳಿ ಏನು ಸಂಗೀತಾನಾ?” ಎಂದು ನಾನು ರೇಗುತ್ತಿದ್ದೆ.

“ಸುಮ್ನೆ ಕೂತ್ಕೊಳೇ. ಅಲ್ಲಿಗೆ ಹೋದ್ಮೇಲೆ ಇದರ ಬೆಲೆ ಗೊತ್ತಾಗತ್ತೆ.”

ಅಲ್ಲಿ ಅಂದರೆ ಕೆನಡಾ. ಗಲ್ಫಿನಲ್ಲಿ ಎಷ್ಟು ವರ್ಷ ದುಡಿದರೂ ಕೆಲಸ ಹೋದ ದಿನವೇ ವೀಸಾ ಹೋಗುತ್ತದೆ. ಮಗಳ ಕಾಲೇಜಿನ ಹೊತ್ತಿಗೆ ನಾವು ಯಾವ ದೇಶದಲ್ಲಿರುತ್ತೇವೋ ಯಾರಿಗೂ ಗೊತ್ತಿಲ್ಲ. ಅದಕ್ಕೇ ಇವರ ಆಫೀಸಿನಲ್ಲಿ ಅರ್ಧಕ್ಕರ್ಧ ಜನ ಕೆನಡಾಕ್ಕೆ ಅರ್ಜಿ ಹಾಕಿ ಕೂತವರೇ. ನಮ್ಮ ವೀಸಾ ಬಂದೂಬಿಟ್ಟಿತ್ತು. ಮಾರ್ಚ್ ಮುಗಿಯುವುದರೊಳಗೆ ಹೋಗಿ ಇಳಿಯಬೇಕಿತ್ತು. ಇಳಿದರೆ ಸಾಲದು, ಕೆಲವು ವರ್ಷ ಅಲ್ಲೇ ವಾಸ ಮಾಡಬೇಕು, ಆಮೇಲೆ ಪೌರತ್ವ. ಆದರೆ ಇಲ್ಲಿನಂಥ ಕೆಲಸ ಅಲ್ಲಿ ಯಾರೂ ಕೊಡುವುದಿಲ್ಲ. ಹಾಗಾಗಿ ಆಫೀಸಿನ ಜಾಣರೆಲ್ಲ ಒಂದು ದಾರಿ ಕಂಡುಕೊಂಡಿದ್ದರು. ಹೆಂಡತಿ ಮಕ್ಕಳನ್ನು ಅಲ್ಲಿ ಬಿಟ್ಟು ಬರುವುದು, ತಾವು ಇಲ್ಲಿ ದುಡಿಯುವುದು. ಹೆಂಡತಿ ಅಲ್ಲಿ ವರ್ಷಗಳನ್ನು ಕಳೆದರೆ ಸರಿ. ನಮ್ಮವರೂ ಅದನ್ನೇ ನಿಶ್ಚಯಿಸಿದ್ದರು.

ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಡಿಸೆಂಬರ್ ಬೆಳಗಿನ ಮಂಜೇ ಜಾಸ್ತಿ. ಇವರು ಹಿಮವನ್ನು ನೋಡಿದ್ದು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿಸಿಕೊಂಡು ಬಂದದ್ದನ್ನೆಲ್ಲ ನನಗೆ ಪಾಠ ಹೇಳುತ್ತಿದ್ದರು. ಬೆಳಗ್ಗೆ ಎದ್ದು ಬಾಗಿಲ ಮುಂದಿನ ಹಿಮವನ್ನು ನೀನೇ ಸಲಿಕೆಯಲ್ಲಿ ಎತ್ತಿಹಾಕಬೇಕು. ಕಾರು ಜಾರಿದರೆ ಗಾಬರಿಯಾಗಿ ಬ್ರೇಕ್ ಒತ್ತಬಾರದು. ಮಗುವಿಗೆ ಜ್ವರ ಬಂದರೆ ಯಾರನ್ನೂ ಕಾಯದೆ ನೀನೇ ಕರೆದುಕೊಂಡು ಹೋಗಬೇಕು. ನಾನು ಎಲ್ಲದಕ್ಕೂ ಒಂದು ಕೊಂಕು ತೆಗೆಯುತ್ತಿದ್ದೆ. ಕಾಲುಚೀಲ ಚುಚ್ಚುತ್ತದೆ ಅಂತ, ಎ.ಸಿ. ನೀರು ಗೋಡೆಗೆ ಇಳಿಯುತ್ತಿದೆ ಅಂತ, ಸಾರು ಆರಿತು ಅಂತ. ಒಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು. ಹಿಮಕ್ಕಲ್ಲ. ಸಂಜೆ ಬೀಗದ ಕೈ ತಿರುಗುವ ಸದ್ದಿಲ್ಲದ ಮನೆಯಲ್ಲಿ ಮಗಳ ಜೊತೆ ವರ್ಷಗಟ್ಟಲೆ ಇರುವುದಕ್ಕೆ. ಇವರು ಅಷ್ಟೊಂದು ಹುರುಪಿನಲ್ಲಿದ್ದರು, ಎಲ್ಲ ನಮಗಾಗಿಯೇ ಮಾಡುತ್ತಿದ್ದರು. ಬೇಡ ಅಂದರೆ ಮಗಳ ಭವಿಷ್ಯಕ್ಕೆ ನಾನೇ ಅಡ್ಡಗಾಲು ಹಾಕಿದ ಹಾಗಾಗುತ್ತದೆ ಅಂತ ನುಂಗಿಕೊಂಡಿದ್ದೆ.

ಪಕ್ಕದ ಫ್ಲಾಟಿನಲ್ಲಿ ಮಂಗಳೂರು ಕಡೆಯ ನರ್ಸ್ ಒಬ್ಬರಿದ್ದರು, ಕೊಂಕಣಿ ಮಾತಾಡುವವರು. ಡ್ಯೂಟಿ ಮುಗಿಸಿ ಬಂದವರು ಒಮ್ಮೊಮ್ಮೆ ನಮ್ಮ ಅಡುಗೆಮನೆಯಲ್ಲಿ ನಿಂತು ಚಹಾ ಕುಡಿದು ಹೋಗುತ್ತಿದ್ದರು. ವಿಷಯ ಕೇಳಿ ಅವರು ಲೋಟ ಕೆಳಗಿಟ್ಟರು.

“ನೀವೂ ಹೋಗುದಾ ಮಾರಾಯ್ರೆ? ನನ್ನ ಅಕ್ಕಂದೂ ಹಾಗೇ ಆದದ್ದು. ಭಾವ ಇಲ್ಲೇ ಅಬುಧಾಬಿಯಲ್ಲಿ, ಖಾಲಿದಿಯಾದಲ್ಲಿ ಒಂದು ರೂಮು ಹಿಡ್ಕೊಂಡು ಇದ್ದಾರೆ. ಅಕ್ಕ, ಮಕ್ಕಳು ಅಲ್ಲಿ.”

“ಹೇಗಿದ್ದಾರೆ?”

“ಎಂತ ತೊಂದರೆ ಇಲ್ಲ. ಮಕ್ಕಳು ಉಷಾರಿದ್ದಾರೆ, ಐಸಿನಲ್ಲಿ ಓಡ್ತಾರೆ ಅಂತೆ. ಮೊದಲೆಲ್ಲ ಫೋನ್ ಮಾಡಿದ್ರೆ ಪಪ್ಪ ಯಾವಾಗ ಬರುದು, ಯಾವಾಗ ಬರುದು ಅಂತ ಕೇಳ್ತಿದ್ರು. ಈಗ ಕೇಳುದಿಲ್ಲ.” ಅವರು ಲೋಟ ತೊಳೆದಿಟ್ಟು ಹೋದರು. ಅದನ್ನು ನಾನು ಇವರಿಗೆ ಹೇಳಲಿಲ್ಲ.

ನಮ್ಮ ಮನೆಯ ಹತ್ತಿರದ ದೊಡ್ಡ ಮಾಲ್‌ನೊಳಗೆ ಆಗಷ್ಟೇ ಹಿಮದ ಗುಡ್ಡವೊಂದನ್ನು ಮಾಡಿದ್ದರು. ಮರಳುಗಾಡಿನ ನಡುವೆ ಚಾವಣಿ ಹಾಕಿ, ಒಳಗೆ ನಿಜವಾದ ಹಿಮ ಸುರಿಸಿ, ಜನ ಜಾರಲಿ ಅಂತ ಇಳಿಜಾರು ಕಟ್ಟಿದ್ದರು. ಮಾಲ್‌ನ ಕಡೆಗೆ ಉದ್ದಕ್ಕೂ ಗಾಜಿನ ಗೋಡೆ. ಒಳಗೆ ಹೋಗದವರು ಐಸ್‌ಕ್ರೀಂ ತಿನ್ನುತ್ತ ಗಾಜಿಗೆ ಮೂಗು ಒತ್ತಿ ನಿಂತು ನೋಡುತ್ತಿದ್ದರು. ಚಳಿ ಅಭ್ಯಾಸಕ್ಕೆ ಎ.ಸಿ. ಸಾಲದು ಅಂತ ಇವರಿಗೆ ಅನ್ನಿಸಿದ್ದೇ ತಡ, ಮುಂದಿನ ಶುಕ್ರವಾರ ಬೆಳಗ್ಗೆಯೇ ಹೊರಡುವುದು ಅಂತಾಯಿತು.

ನಾನು ನನ್ನ ತಯಾರಿ ಮಾಡಿದೆ. ಚಳಿಗೆ ಮೈ ಒಡೆಯಬಾರದಲ್ಲ, ಮೈಸೂರಿನಲ್ಲಿ ನಮ್ಮಮ್ಮ ಚಳಿಗಾಲ ಬಂದರೆ ನಮ್ಮನ್ನು ಸಾಲಾಗಿ ಕೂರಿಸಿಕೊಂಡು ಮಾಡುತ್ತಿದ್ದ ಹಾಗೇ, ಮಗಳ ಕೈಕಾಲಿಗೆ, ಕೆನ್ನೆಗೆ, ತಲೆಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿದೆ. ಹಿಮ ಅಂದಮೇಲೆ ಸ್ವಲ್ಪ ಜಾಸ್ತಿಯೇ ಇರಲಿ ಅಂತ ಇನ್ನೊಂದು ಕೈ ಸುರಿದು ಎರಡು ಜಡೆ ಹೆಣೆದೆ. ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು.

“ಅಮ್ಮಾ, ಐ ಲುಕ್ ಲೈಕ್ ಬಜ್ಜಿ,” ಅಂದಳು. ಅವಳು ಮನೆಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅಳು ಬಂದಾಗ ಮಾತ್ರ ಪೂರ್ತಿ ಕನ್ನಡ.

ಮಾಲ್‌ಗೆ ಹೋದೆವು. ಇವರು ಕೌಂಟರಿನಿಂದ ವಾಪಸು ಬಂದಾಗ ಕೈಯಲ್ಲಿ ಎರಡೇ ಟಿಕೆಟ್ ಇದ್ದವು, ಎರಡೇ ಜೊತೆ ಕೈಗವಸು.

“ನೀವು?”

“ನಾನ್ಯಾಕೆ? ಅಲ್ಲಿ ಇರೋವ್ರು ನೀವಿಬ್ರು ತಾನೇ. ನಾನು ಜೊತೇಲಿದ್ರೆ ನೀನು ಎಲ್ಲದಕ್ಕೂ ನನ್ನ ಮುಖ ನೋಡ್ತೀಯ. ಹೋಗು, ನೀನೇ ನಿಭಾಯಿಸಿ ನೋಡು. ಬ್ಯಾಗು, ಮೊಬೈಲು ಎಲ್ಲ ಇಲ್ಲಿ ಕೊಡು, ಹಿಮದಲ್ಲಿ ಬಿದ್ದು ಹೋದಾವು. ನಾನು ಗಾಜಿನ ಹತ್ರ ನಿಂತಿರ್ತೀನಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹಿಂದೆ ಸಾಲು ಬೆಳೆಯುತ್ತಿತ್ತು. ಬ್ಯಾಗನ್ನು ಅವರ ಕೈಗೆ ತುರುಕಿ, ಮಗಳನ್ನು ಎಳೆದುಕೊಂಡು ಒಳಗೆ ಹೋದೆ. ಅಲ್ಲಿನವರೇ ಬಾಡಿಗೆಗೆ ಕೊಟ್ಟ ದಪ್ಪ ಜಾಕೆಟ್ಟು, ಪ್ಯಾಂಟು, ಬೂಟು ಹಾಕಿಕೊಂಡದ್ದಾಯಿತು. ಸೀರೆ ಬಿಟ್ಟು ಚೂಡಿದಾರಿನಲ್ಲಿ ಬಂದದ್ದು ಪುಣ್ಯ.

ಬಾಗಿಲು ತೆರೆದ ಕೂಡಲೇ ಮೂಗಿನೊಳಗೆ ಚಳಿ ಚುಚ್ಚಿತು. ನಿಜ ಹೇಳುತ್ತೇನೆ, ಐದು ನಿಮಿಷ ಬೈದುಕೊಂಡು ನಡೆದವಳು ಆಮೇಲೆ ಬೈಯುವುದನ್ನೇ ಮರೆತೆ. ಕಾಲಡಿಯಲ್ಲಿ ಹಿಮ ಸಕ್ಕರೆ ತುಳಿದ ಹಾಗೆ ಕರಕರ ಅನ್ನುತ್ತಿತ್ತು. ಮಗಳು ಬಿದ್ದಳು, ಎದ್ದಳು, ನಾನು ಬಿದ್ದೆ, ಅವಳು ಕೈ ಹಿಡಿದು ಎಳೆದಳು. ಗಾಳಿ ತುಂಬಿದ ಟ್ಯೂಬಿನಲ್ಲಿ ಕೂತು ಇಬ್ಬರೂ ಜಾರಿದೆವು. ಗಾಜಿನಾಚೆ ಇವರು ಅರ್ಧ ತೋಳಿನ ಅಂಗಿಯಲ್ಲಿ, ನನ್ನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಹೆಬ್ಬೆರಳು ಎತ್ತಿ ತೋರಿಸುತ್ತ ನಿಂತಿದ್ದರು. ಪರೀಕ್ಷೆಯಲ್ಲಿ ನಾವು ಪಾಸಾಗುತ್ತಿದ್ದೆವು.

ಸ್ವಲ್ಪ ಹೊತ್ತಿನಲ್ಲಿ ಮಂಕಿ ಕ್ಯಾಪ್ ತುರಿಸುತ್ತದೆ ಅಂತ ಮಗಳು ಅದನ್ನು ಕಿತ್ತು ಜೇಬಿಗೆ ತುಂಬಿದಳು. ಹಾಕ್ಕೋ ಅಂದರೆ ಕೇಳಲಿಲ್ಲ. ಇನ್ನೊಂದು ಸುತ್ತು ಜಾರಿ ಬಂದು ತಲೆಯ ಮೇಲೆ ಕೈ ಇಟ್ಟವಳು ಹಾಗೇ ನಿಂತುಬಿಟ್ಟಳು.

“ಅಮ್ಮಾ. ಮೈ ಹೇರ್.”

ನೋಡುತ್ತೇನೆ, ಎಣ್ಣೆಯೆಲ್ಲ ಹೆಪ್ಪುಗಟ್ಟಿ ಕೂದಲು ಬೆಳ್ಳಗಾಗಿದೆ. ಎರಡು ಜಡೆಗಳೂ ಮೇಣದ ಬತ್ತಿಯ ಹಾಗೆ ಸೆಟೆದು ಎರಡು ಕಡೆ ನಿಂತಿವೆ. ಬೈತಲೆಯ ಉದ್ದಕ್ಕೂ ಬಿಳಿ. ಮೈಸೂರಿನ ಚಳಿಗಾಲದಲ್ಲಿ ಬಾಟಲಿಯೊಳಗೆ ಗಟ್ಟಿಯಾದ ಎಣ್ಣೆಯನ್ನು ಬಿಸಿಲಿಗಿಟ್ಟು ಕರಗಿಸಿಕೊಳ್ಳುತ್ತಿದ್ದದ್ದು ನನಗೆ ಆಗ ನೆನಪಾಯಿತು. ದುಬೈಯ ಬಾತ್‌ರೂಮಿನಲ್ಲಿ ಅದು ಸದಾ ನೀರಿನ ಹಾಗೆ ಇರುತ್ತಿತ್ತಲ್ಲ, ಮರೆತೇಬಿಟ್ಟಿದ್ದೆ. ಅವಳು ಒಂದು ಜಡೆಯನ್ನು ಬಗ್ಗಿಸಿ ಬಿಟ್ಟಳು, ಅದು ಬಗ್ಗಿದ ಹಾಗೇ ನಿಂತಿತು. ನನಗೆ ನಗು ತಡೆಯಲಾಗಲಿಲ್ಲ. ಅವಳಿಗೂ. ಹಿಮದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ತಿಂಗಳುಗಳಲ್ಲಿ ನಾನು ಹಾಗೆ ನಕ್ಕದ್ದು ಅದೇ ಮೊದಲು.

“ಐ ವಾಂಟ್ ಟು ಶೋ ಅಪ್ಪ” ಅಂತ ಅವಳು ಗಾಜಿನ ಕಡೆ ಓಡಿದಳು.

ಆದರೆ ನಾವಿದ್ದ ಕಡೆಯಿಂದ ಗಾಜು ದೂರ. ನಡುವೆ ಕಟ್ಟೆ, ಬೇಲಿ. ಅವಳು ಬೇಲಿಯ ಹತ್ತಿರ ನಿಂತು ಜಡೆ ಹಿಡಿದು ಕುಣಿದಳು, ಕೂಗಿದಳು. ಇವರು ಕಿವಿಗೆ ಕೈ ಇಟ್ಟು ಏನು, ಏನು ಅಂದರು. ನಾನೂ ನನ್ನ ತಲೆ ತೋರಿಸಿ, ಅವಳ ತಲೆ ತೋರಿಸಿ, ಬಾಟಲಿಯಿಂದ ಸುರಿಯುವ ಹಾಗೆ ಅಭಿನಯ ಮಾಡಿದೆ. ಅವರಿಗೆ ಏನು ಅರ್ಥವಾಯಿತೋ, ಕ್ಯಾಪ್ ಹಾಕಿಸು ಅಂತ ಕೈಸನ್ನೆ ಮಾಡಿ ಮತ್ತೆ ಹೆಬ್ಬೆರಳು ಎತ್ತಿದರು. ಮಗಳು ಬಂದು ನನ್ನ ಕೈ ಎಳೆದಳು. “ಕಮ್, ವಿ ವಿಲ್ ಗೋ ಔಟ್ ಅಂಡ್ ಶೋ,” ಅಂದಳು.

ಜಾಕೆಟ್ಟು, ಬೂಟು ಬಿಚ್ಚಿ ಕೊಡುವ ಕಡೆ ಉದ್ದನೆಯ ಸಾಲು. ಅಲ್ಲಿ ಬೆಚ್ಚಗಿತ್ತು. ಅವಳು ಎರಡು ಕೈಯಲ್ಲೂ ಜಡೆ ಹಿಡಿದು ನಿಂತಿದ್ದಳು, ಬೀಳದಂತೆ ಕಾಯುವವಳ ಹಾಗೆ. ನಾವು ಹೊರಗೆ ಬರುವಷ್ಟರಲ್ಲಿ ಎಣ್ಣೆ ಕರಗಿ ಅವಳ ಕೊರಳಪಟ್ಟಿಗೆ ಇಳಿದಿತ್ತು. ಜಡೆಗಳು ಎಂದಿನ ಹಾಗೆ ಜೋತುಬಿದ್ದಿದ್ದವು.

“ಏನು ಪುಟ್ಟಿ, ಏನೋ ತೋರಿಸ್ತಿದ್ದೆ?”

ಅವಳು ಹೇಳಿದಳು. ಕೂದಲು ಬಿಳಿಯಾದದ್ದು, ಜಡೆ ನಿಂತದ್ದು, ಅಮ್ಮ ನಕ್ಕದ್ದು. ಇವರು “ಓಹೋ, ಹೌದಾ? ಭಾರಿ ಮಜಾ ಬಂತು ಹಾಗಾದ್ರೆ” ಅಂತ ನಕ್ಕರು. ದೊಡ್ಡವರು ನೋಡದೇ ಇದ್ದದ್ದಕ್ಕೆ ನಗುವ ನಗೆ. ಮಕ್ಕಳಿಗೆ ಅದು ಗೊತ್ತಾಗುತ್ತದೆ. ಅವಳು ಒಂದು ಜಡೆ ಎತ್ತಿ ಬಿಟ್ಟಳು, ಅದು ಬಿತ್ತು. ಅವಳ ಕೆಳತುಟಿ ಅಲುಗಿತು.

“ಅಪ್ಪಾ, ಅಲ್ಲಿಗೆ ಹೋದ್ಮೇಲೂ ನೀನು ಗ್ಲಾಸ್ ಆಚೇನೇ ನಿಂತಿರ್ತೀಯಾ?”

ಸುತ್ತ ಶುಕ್ರವಾರದ ಜನ, ಗಲಾಟೆ. ಇವರು ನನ್ನ ಬ್ಯಾಗನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. ಏನಾದರೂ ಸಮಜಾಯಿಷಿ ಹೇಳುತ್ತಾರೆ ಅಂತ ಕಾದೆ. ಫೋನ್ ಮಾಡ್ತೀನಿ, ರಜಕ್ಕೆ ಬರ್ತೀನಿ, ಇಷ್ಟು ದಿನ ಹೇಳುತ್ತಿದ್ದರಲ್ಲ, ಅದನ್ನೇ. ಅವರು ಗಾಜಿನ ಕಡೆ ತಿರುಗಿ ಒಳಗಿನವರನ್ನು ನೋಡಿದರು. ಆಮೇಲೆ “ಯಲ್ಲಾ, ನಡೀರಿ” ಅಂದರು. ಮನೆಗೆ ಅಂದುಕೊಂಡೆ. ಅವರು ಹೋದದ್ದು ಕೌಂಟರಿಗೆ. ಈ ಸಲ ಮೂರು ಟಿಕೆಟ್ ತಂದರು.

ಬಾಡಿಗೆಯ ಜಾಕೆಟ್ಟು ಅವರಿಗೆ ಬಿಗಿ, ಬೂಟು ದೊಡ್ಡದು. ಒಳಗೆ ಕಾಲಿಟ್ಟ ಮೂರನೇ ಹೆಜ್ಜೆಗೆ ಜಾರಿ ಕೂತರು. ಹಲ್ಲು ಕಟಕಟ ಅನ್ನುತ್ತಿದ್ದವು. ಚಳಿ ಅಭ್ಯಾಸದ ಮೇಷ್ಟ್ರು ನಮ್ಮೆಲ್ಲರಿಗಿಂತ ಜಾಸ್ತಿ ನಡುಗುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ಹಂಗಿಸದೆ ಬಿಡುತ್ತಿರಲಿಲ್ಲ, ಆವತ್ತು ಕೈ ಕೊಟ್ಟು ಎಬ್ಬಿಸಿದೆ.

“ಎಲ್ಲಿ ಪುಟ್ಟಿ, ತೋರ್ಸು.”

“ನಾಟ್ ಯೆಟ್. ವೇಟ್ ಮಾಡ್ಬೇಕು,” ಅಂದು ಅವಳು ಕ್ಯಾಪ್ ತೆಗೆದು, ಫೋಟೋಗೆ ನಿಂತ ಹಾಗೆ ಅಲುಗದೆ ನಿಂತಳು. ಇವರು ಅವಳ ಮುಂದೆ ಹಿಮದಲ್ಲಿ ಮಂಡಿಯೂರಿ ಕೂತರು. ನಾನು ಪಕ್ಕದಲ್ಲಿ. ಎಣ್ಣೆ ಗಟ್ಟಿಯಾಗುವುದನ್ನು ಮೂವರೂ ಕಾಯುತ್ತಿದ್ದೆವು.

ನನ್ನ ಕಡೆ ನೋಡದೆಯೇ ಕೇಳಿದರು, “ನಿಂಗೆ ಹೋಗೋಕೆ ಇಷ್ಟ ಇತ್ತಾ?”

“ಇಲ್ಲ.”

“ಮತ್ತೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ. ಚಳಿ ತಡ್ಕೊಳಕ್ಕೆ ಆಗತ್ತಾ ಅಂತ ಕೇಳಿದ್ರಿ, ಕಾರು ಓಡ್ಸಕ್ಕಾಗತ್ತಾ ಅಂತ ಕೇಳಿದ್ರಿ. ಇದೊಂದು ಕೇಳ್ಲಿಲ್ಲ.”

ಅವರು ಮೂಗು ಒರೆಸಿಕೊಂಡರು. ಚಳಿಗೋ ಏನೋ, ನನಗೆ ಗೊತ್ತಿಲ್ಲ. “ನಂಗೂ ಇಲ್ಲ ಕಣೇ,” ಅಂದರು. “ಅಷ್ಟೊತ್ತು ಹೊರಗೆ ನಿಂತಿದ್ನಲ್ಲ, ನೀವಿಬ್ರೂ ಯಾಕೆ ನಗ್ತಿದ್ದೀರ ಅಂತಾನೇ ಗೊತ್ತಾಗ್ಲಿಲ್ಲ. ಹೋದ್ರೆ ಮೂರು ಜನಾನೂ ಹೋಗೋಣ. ಇಲ್ಲಾಂದ್ರೆ ಖಲಾಸ್, ಬೇಡ.”

ಮಾರ್ಚ್ ಬಂದು ಹೋಯಿತು, ನಾವು ಹೋಗಲಿಲ್ಲ ಅನ್ನುವುದು ಆಮೇಲಿನ ಮಾತು. ಆ ಹೊತ್ತಿನಲ್ಲಿ ನಮಗೆ ಮುಖ್ಯವಾಗಿದ್ದದ್ದು ಮಗಳ ಬೈತಲೆ. ಮೊದಲು ಅಲ್ಲಿ ಬೆಳ್ಳಗಾಯಿತು, ಆಮೇಲೆ ಜಡೆ ಒಂದೊಂದೇ ಎಳೆಯಾಗಿ ಸೆಟೆಯತೊಡಗಿತು.

“ನೌ, ಅಪ್ಪಾ. ಮುಟ್ಟು.”

ಇವರ ಹತ್ತಿರ ಕೈಗವಸು ಇರಲಿಲ್ಲ, ಕೊಂಡದ್ದು ಎರಡೇ ಜೊತೆ ತಾನೇ. ಬರಿಗೈಯಲ್ಲೇ ಅವಳ ತಲೆ ಮುಟ್ಟಿದರು. ಬಿಳಿಯ ಮೇಲೆ ಅಂಗೈ ಇಟ್ಟು ಹಾಗೇ ಕೂತರು. ಅಪ್ಪ ಮುಟ್ಟಿ ನೋಡಿದ್ದು ಸಾಕು ಅಂತ ಅವಳಿಗೆ ಅನ್ನಿಸಿತು.

“ಅಪ್ಪಾ, ಕೈ ತೆಗಿ. ಕರಗ್ತಾ ಇದೆ.”

ಅವರು ತೆಗೆಯಲಿಲ್ಲ.