ಮುಳುಗಲೊಲ್ಲದ ಬೇರು

ಈ ಹೊತ್ತಿನಲ್ಲಿ ನೀವು ನವನಗರದ ನಮ್ಮ ಮನೆಗೆ ಬಂದರೆ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತೀರಿ. ಹೋಳಿಗೆಯ ಬೇಳೆ ಬೇಯಿಸುವ ನಮ್ಮ ದೊಡ್ಡ ಪಾತೇಲಿಯಲ್ಲಿ ಬೆಳಗಿನಿಂದ ಒಂದು ಮರದ ಬೇರು ಕುದಿಯುತ್ತಿದೆ. ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ಗಿಡವನ್ನೂ ಬೆಳೆಸುವ ಹುಚ್ಚು ಹತ್ತಿದವರು ಕಟ್ಟಿಗೆಯನ್ನು ಮೊದಲು ಹೀಗೆ ಕುದಿಸಬೇಕು. ಅದರ ಒಗರು ಬಿಡಬೇಕು, ಒಳಗಿನ ಗಾಳಿ ಹೊರಡಬೇಕು, ಆಮೇಲೆ ಅದು ತಳದಲ್ಲಿ ಕೂಡುತ್ತದೆ. ನೀರು ಹಳಸಿದ ಚಹಾದ ಬಣ್ಣಕ್ಕೆ ಬಂದಿದೆ. ಇನ್ನು ಈ ಪಾತೇಲಿಯ ಹೋಳಿಗೆಯ ಆಸೆ ಬಿಡಿ ಎಂದು ಹೆಂಡತಿ ಆಗಲೇ ಹೇಳಿ ಹೋಗಿದ್ದಾಳೆ. ನನಗಂತೂ ಈ ವಾಸನೆ ಹಿತವಾಗಿದೆ. ಹಳೆಯ ಬಾಗಲಕೋಟೆಯ ನಮ್ಮ ಮನೆಯ ಬಚ್ಚಲೊಲೆಯ ವಾಸನೆ ಇದು: ಹಸಿ ಕಟ್ಟಿಗೆ, ಬೂದಿ, ಬಿಸಿನೀರು. ಅದು ಬಂದರೆ ಹಿಂದೆಯೇ ಅತ್ಯಾ ಬರುತ್ತಾಳೆ.

ಅತ್ಯಾ ನಮ್ಮಪ್ಪನ ಅಕ್ಕ. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆಯಾಗಲಿಲ್ಲ, ಕಡೆಯವರೆಗೂ ನಮ್ಮ ಜೊತೆಗೇ ಇದ್ದಳು. ನಾನು ಮೊದಲ ಸಲ ಮೀನಿನ ತೊಟ್ಟಿ ತಂದಾಗ ಅಂಗಡಿಯವನು ಒಂದು ಪುಟ್ಟ ಪಿಂಗಾಣಿ ಮನೆಯನ್ನೂ ಕೊಟ್ಟಿದ್ದ. ಬಾಗಿಲಿನಿಂದ ಗುಳ್ಳೆ ಏಳುವ ಮನೆ. ಅತ್ಯಾ ಅದನ್ನು ನೋಡಿದವಳೇ ಪಡಸಾಲೆಯಲ್ಲಿ ಕೂಡುವುದನ್ನೇ ಬಿಟ್ಟಳು. ನಾಲ್ಕು ದಿನ ಚಹಾವನ್ನು ಅಡುಗೆಮನೆಯಲ್ಲೇ ಕುಡಿದಳು. ಕೊನೆಗೆ ನಾನೇ ತಿಳಿದುಕೊಂಡು ಆ ಮನೆಯನ್ನು ತೆಗೆದುಹಾಕಿದೆ.

ತಿಳಿಯದೆ ಏನು? ನಮ್ಮೂರವರಿಗೆ ವರ್ಷ ಎಣಿಸಲು ಕ್ಯಾಲೆಂಡರ್ ಬೇಡ. ಮದುವೆ, ಮುಂಜಿ, ಸಾವು ಎಲ್ಲವೂ ಮುಳುಗಡೆಗೆ ಮೊದಲು, ಇಲ್ಲವೆ ಮುಳುಗಡೆಯಾದ ಮೇಲೆ. ಆಣೆಕಟ್ಟಿನ ಹಿನ್ನೀರು ಊರಿನ ಅರ್ಧ ಭಾಗಕ್ಕೆ ಬರುತ್ತದೆ ಎಂದಾದಾಗ ಬಾಗಿಲು, ಚೌಕಟ್ಟು, ತೊಲೆ, ಕಡೆಗೆ ಬಚ್ಚಲ ಕಲ್ಲನ್ನೂ ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ನಾವು ನವನಗರಕ್ಕೆ ಬಂದೆವು. ಹಿತ್ತಲಲ್ಲಿ ಅತ್ಯಾ ತನ್ನ ಕೈಯಾರೆ ಹಚ್ಚಿ ಬೆಳೆಸಿದ ಪೇರಲ ಮರವಿತ್ತು, ಒಳಗೆ ಕೆಂಪು ತಿರುಳಿನದು. ಅದನ್ನು ಕಡಿಯಲು ಅಪ್ಪ ಆಳು ಕರೆಸಿದ. ಅತ್ಯಾ ಅವನನ್ನು ವಾಪಸು ಕಳಿಸಿದಳು. ನೀರು ಹೇಗೂ ಬರುತ್ತದೆ, ನಮ್ಮ ಕೈಯಿಂದ ಯಾಕೆ ಕೊಡಲಿ ಪೆಟ್ಟು ಎಂಬುದು ಅವಳ ಮಾತು.

ಆ ಮಳೆಗಾಲ ನೀರು ಬಂತು, ಆದರೆ ನಿಧಾನವಾಗಿ ಬಂತು. ಎತ್ತರದ ಓಣಿಯಲ್ಲಿ ಉಳಿದುಕೊಂಡಿದ್ದ ಹಳೆಯ ನೆರೆಯವರೊಬ್ಬರು ನಮ್ಮ ಹೊಸ ಮನೆಗೆ ಬಂದವರು, ಪೇರಲ ಮರ ಎದೆಮಟ್ಟದ ನೀರಿನಲ್ಲಿ ನಿಂತಿದೆ, ಮೇಲೆ ಇನ್ನೂ ಕಾಯಿ ಇವೆ, ಗಿಳಿ ಬರುತ್ತವೆ ಎಂದು ಸಂತೋಷದಿಂದ ಹೇಳಿದರು. ಮುಂದಿನ ಸಲ ಬಂದಾಗ ಎಲೆ ಹಳದಿಯಾಗಿವೆ ಎಂದರು. ಅತ್ಯಾ ಆಮೇಲೆ ಪೇರಲ ಹಣ್ಣು ಬಾಯಿಗೆ ಹಾಕಲಿಲ್ಲ. ಒಂದೇ ಒಂದು ಸಲ ನನ್ನ ಮುಂದೆ ಆಡಿದ್ದಳು:

"ಕಡಿಸಿದ್ರ ಒಂದ ದಿನದಾಗ ಮುಗೀತಿತ್ತು. ನಾ ಅದನ್ನ ನಿಂತಲ್ಲೇ ಕೊಳಿಸಿದೆ."

ಟಂಟಂ ರಿಕ್ಷಾ ಹತ್ತಿದರೆ ಹಳೆಯ ಊರು ಅರ್ಧ ತಾಸಿನ ದಾರಿ. ಅವಳು ಆ ಕಡೆ ಮತ್ತೆ ಹೋಗಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಬೇಸಿಗೆ ಹಿನ್ನೀರು ಸರಿದು ನಮ್ಮ ಓಣಿಯ ನೆಲ ಕಂಡಿದೆ ಎಂಬ ಸುದ್ದಿ ಬಂತು. ನನಗೆ ಆಗ ಗಿಡದ ತೊಟ್ಟಿಯ ಹುಚ್ಚು ಹೊಸದು. ನೀರುಂಡ ಕಟ್ಟಿಗೆ, ತಳಕ್ಕೆ ಮಣ್ಣು, ಎರಡೂ ಒಂದೇ ಕಡೆ ಸಿಕ್ಕಾವು ಎಂದು ಹೊರಟೆ. ಅತ್ಯಾಳನ್ನು ಕರೆದೆ, ಮೊಣಕಾಲಿನ ನೆವ ಹೇಳಿದಳು. ಅಲ್ಲಿ ನೆಲ ಬಿರಿದಿತ್ತು, ಮೆಕ್ಕಲು ಮಣ್ಣಿನಲ್ಲಿ ಯಾರೋ ಸೌತೆಬೀಜ ಹಾಕಿದ್ದರು. ಹುಟ್ಟಿ ಬೆಳೆದ ಮನೆ ಯಾವುದೆಂದು ನನಗೇ ಗುರುತು ಸಿಗಲಿಲ್ಲ. ಪಾಯದ ಕಲ್ಲುಗಳ ನಡುವೆ ಮುರಿದ ಕೊಡೆಯ ಕಡ್ಡಿಗಳಂತೆ ಚಾಚಿಕೊಂಡಿದ್ದ ಒಂದು ಬೇರು ಎದ್ದಿತ್ತು. ಅದನ್ನೂ ಒಂದು ಚೀಲ ಮಣ್ಣನ್ನೂ ಹೊತ್ತು ತಂದೆ.

ಅತ್ಯಾ ಬೇರನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳಿನಿಂದ ಉಜ್ಜಿದಳು, ಮೂಸಿ ನೋಡಿದಳು.

"ಇದು ನಮ್ಮ ಪೇರಲದ್ದ ಏನೋ?"

ನಾನು ವಿದ್ಯಾಗಿರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಸಾರಿಗೆ ಉಪ್ಪು ಸರಿ ಇದೆಯೇ ಎಂದರೂ ಎರಡನೆಯ ಸಲ ರುಚಿ ನೋಡದೆ ಉತ್ತರ ಕೊಡದ ಜಾತಿ.

"ಹೆಂಗ ಹೇಳ್ಲಿ ಅತ್ಯಾ? ಬೇವಿಂದೂ ಇರಬಹುದು."

"ಇರಬಹುದು," ಎಂದಳು. ಮತ್ತೆ ಕೇಳಲಿಲ್ಲ.

ಆದರೆ ಬೇರಿನ ಉಸ್ತುವಾರಿ ಅಂದಿನಿಂದ ಅವಳದೇ ಆಯಿತು. ಮಾಳಿಗೆಯ ಮೇಲೆ ಬಕೆಟ್ಟಿನಲ್ಲಿ ನೆನೆಹಾಕಿ ದಿನಾ ನೀರು ಬದಲಿಸುತ್ತಿದ್ದಳು. ಬಿಸಿಲಿಗೆ ಒಣಗಿದ್ದ ಬೇರು ಬೆಂಡಿನಂತೆ ಮೇಲೆಯೇ ತೇಲುತ್ತಿತ್ತು. ಅರ್ಧ ಊರು ಮುಳುಗಿದ ನೀರಿನಲ್ಲಿ ಬಿದ್ದಿದ್ದ ಕಟ್ಟಿಗೆ ಬಕೆಟ್ಟಿನಲ್ಲಿ ಮುಳುಗಲೊಲ್ಲದು ಎಂದು ನಾನು ನಕ್ಕೆ, ಅವಳೂ ನಕ್ಕಳು. ತಂದ ಮಣ್ಣಿನ ಗತಿಯೂ ಅಷ್ಟೇ. ಸಾಣಿಗೆ ಹಿಡಿದು ಸೋಸಿ ತೊಟ್ಟಿಯ ತಳಕ್ಕೆ ಹಾಸಿದರೆ ವಾರವಾದರೂ ರಾಡಿ ಇಳಿಯಲಿಲ್ಲ. ಎರೆ ಮಣ್ಣು ಕಾಲಿಗೆ ಹತ್ತಿದರೇ ಬಿಡುವುದಿಲ್ಲ, ನೀರನ್ನು ಬಿಟ್ಟೀತೇ? ಬಾದಾಮಿ ಕಡೆಯ ಹೆಂಡತಿಯ ತವರಿನಿಂದ ಕೆಂಪು ಮಣ್ಣು ತರಿಸಿದೆ. ಅದರ ಮೇಲೆ ಹಾಸುವ ಮರಳನ್ನು ಅತ್ಯಾ ಅಕ್ಕಿ ತೊಳೆದ ಹಾಗೆ ತೊಳೆದು ಕೊಟ್ಟಳು.

ನನ್ನ ತಾಳ್ಮೆ ಮುಗಿಯಿತು. ಇಳಕಲ್ಲಿನ ಕೆಂಪು ಗ್ರಾನೈಟಿನ ಒಂದು ತುಂಡು, ನೈಲಾನ್ ದಾರ ತಂದೆ. ಬೇರಿಗೆ ಕಲ್ಲು ಕಟ್ಟಿದರೆ ಅವತ್ತೇ ಕೆಲಸ ಮುಗಿಯುತ್ತಿತ್ತು. ಅತ್ಯಾ ನನ್ನ ಕೈ ಹಿಡಿದಳು.

"ಕಲ್ಲು ಕಟ್ಟಬ್ಯಾಡ. ಅದರ ಮನಸಿಗೆ ಬಂದಾಗ ತಾನ ಮುಳುಗ್ಲಿ."

ಶ್ರಾವಣದಲ್ಲಿ ಅತ್ಯಾ ತೀರಿಹೋದಳು. ಬೇರು ಇನ್ನೂ ತೇಲುತ್ತಿತ್ತು. ಬಂದವರಿಗೆ ಸ್ನಾನಕ್ಕೆ ಬಕೆಟ್ಟು ಬೇಕಾಯಿತು, ಬೇರನ್ನು ಯಾರು ಎಲ್ಲಿಟ್ಟರೋ ನನಗೆ ತಿಳಿಯದು. ತೊಟ್ಟಿಯ ಮಣ್ಣು ಒಣಗಿತು. ನಾನೂ ಅದರ ಕಡೆ ನೋಡಲಿಲ್ಲ.

ವರ್ಷದ ಮೇಲೆ ಮೊನ್ನೆ ಮೊದಲ ಸಲ ಹೋಳಿಗೆಯ ಪಾತೇಲಿ ಇಳಿಸಲು ಅಟ್ಟ ಹತ್ತಿದರೆ ಬೇರು ಅದರೊಳಗೇ ಕೂತಿತ್ತು, ಬೂದುಬಣ್ಣಕ್ಕೆ ತಿರುಗಿ, ಹಗುರಾಗಿ. ಅದನ್ನು ಹಿಡಿದುಕೊಂಡು ನಾನು ಏಣಿಯ ಮೇಲೆಯೇ ಬಹಳ ಹೊತ್ತು ನಿಂತೆ. ಹೌದು ಅತ್ಯಾ ಎಂದಿದ್ದರೆ ಏನಾಗುತ್ತಿತ್ತು? ಯಾವ ಶಾಸ್ತ್ರ ಸುಳ್ಳಾಗುತ್ತಿತ್ತು? ನಿಂತಲ್ಲೇ ಕೊಳಿಸಿದೆ ಎಂದುಕೊಂಡವಳಿಗೆ, ಕೊಳೆಯದೆ ಉಳಿದದ್ದೂ ಉಂಟು ಎಂದು ಕೈಯಲ್ಲಿ ಕೊಟ್ಟಂತಾಗುತ್ತಿತ್ತು. ಅವಳು ಮುದ್ದಾಂ, ಬಾಯಿ ಬಿಟ್ಟು ಕೇಳಿದ್ದು ಅದೊಂದನ್ನೇ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಯಿತು. ತೊಟ್ಟಿಯ ಕೆಂಪು ಮಣ್ಣಿನ ಮೇಲೆ ಮರಳು ಹಾಸಿ ನಿನ್ನೆಯೇ ನೀರು ತುಂಬಿಸಿಟ್ಟಿದ್ದೆ. ಆರಿದ ಬೇರನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗಿಟ್ಟು, ಬಿಟ್ಟೆ. ಒಂದು ಗಳಿಗೆ ಮೇಲೆಯೇ ನಿಂತಿತು. ಆಮೇಲೆ ಒಂದು ತುದಿ ಬಾಗಿತು, ಕಲ್ಲಿಲ್ಲದೆ, ದಾರವಿಲ್ಲದೆ, ನಿಧಾನವಾಗಿ ಇಳಿದು ಮರಳಿನ ಮೇಲೆ ಕೂತಿತು.

ಪಕ್ಕದ ಮನೆಯ ಪಾಟೀಲರು ವಾಸನೆಯ ಜಾಡು ಹಿಡಿದು ಒಳಗೆ ಬಂದರು. ಗಾಜಿನ ಹತ್ತಿರ ಬಗ್ಗಿ ನೋಡಿ, ಯಾವ ಗಿಡದ ಬೇರು ಇದು ಎಂದು ಕೇಳಿದರು.

"ಪೇರಲದ್ದರಿ," ಎಂದೆ. "ನಮ್ಮ ಅತ್ಯಾ ಹಚ್ಚಿದ್ದು."