ಬಾದಾಮಿಯ ವಾಸನೆ ಬಂದ ದಿನ

ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ, ಉಂಡದ್ದು ಜೀರ್ಣವಾಗಿಲ್ಲವೇ ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಮೂಡಬಿದಿರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎನ್ನುವುದೇ ನನ್ನ ಹೊಟ್ಟೆಪಾಡು. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಕೊರೊನಾ ಬಂದು ಹೋದ ಮೇಲೆ ನನ್ನ ಮೂಗು ಸತ್ತೇಹೋಗಿತ್ತು. ಎರಡು ವರ್ಷವಾದರೂ ಸಾರು ಹಳಸಿದ್ದೂ ಗೊತ್ತಾಗುತ್ತಿರಲಿಲ್ಲ.

ಆ ಬೆಳಿಗ್ಗೆ ನೈಟ್ರೋಬೆಂಜೀನ್ ಪಾಠ. ಬೆಂಜೀನಿಗೆ ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣ ಸೇರಿದರೆ ಹಳದಿ ಎಣ್ಣೆಯಂಥ ದ್ರವ ಬರುತ್ತದೆ. ಬಾದಾಮಿಯ ಪರಿಮಳ, ಆದರೆ ಚರ್ಮದಿಂದಲೇ ಒಳಗಿಳಿದು ರಕ್ತ ಕೆಡಿಸಿ ತುಟಿ ನೀಲಿಗಟ್ಟಿಸುವ ವಿಷ ಎಂದೆ. ಉಪಯೋಗಗಳನ್ನು ಬೋರ್ಡಿನಲ್ಲಿ ಬರೆಯತೊಡಗಿದೆ: ಬಣ್ಣಗಳಿಗೆ ಬೇಕಾದ ಅನಿಲೀನ್, ಹಿಂದೆ ಬೂಟ್ ಪಾಲಿಶ್, ಈಗ ಗಿಡ ಹೆಚ್ಚು ಹೂ ಬಿಡಲು ಹೊಡೆಯುವ ಔಷಧಿ. ಅಲ್ಲಿಗೆ ಬರುವಾಗ ಘಮ್ಮೆಂದು ಬಾದಾಮಿಯ ವಾಸನೆ ಮೂಗಿಗೆ ಬಡಿಯಿತು. ಕೇಳಿದರೆ ಮಕ್ಕಳಲ್ಲಿ ಯಾರಿಗೂ ವಾಸನೆಯಿಲ್ಲ. ನೈಟ್ರೋಬೆಂಜೀನ್ ಬಾಟಲಿ ನಮ್ಮ ಲ್ಯಾಬಿನಲ್ಲೇ ಇಲ್ಲ.

ನೆನಪಾದದ್ದು ತಂಗಿ ನಳಿನಿ. ಸಿದ್ಧಕಟ್ಟೆಯಲ್ಲಿ ಮಲ್ಲಿಗೆ ಬೆಳೆಯುತ್ತಾಳೆ. ವಾರದ ಹಿಂದೆ ಅಂಥದ್ದೇ ಔಷಧಿಯ ಫೋಟೋ ಕಳಿಸಿ, ಹೊಡೆಯಬಹುದೇ ಎಂದು ಕೇಳಿದ್ದಳು. ಉತ್ತರಪತ್ರಿಕೆ ತಿದ್ದುವ ಗಡಿಬಿಡಿಯಲ್ಲಿ ಹೊಡಿ ಎಂದಿದ್ದೆ. ಮೈಗೆ ತಾಗಿಸಬೇಡ ಎನ್ನಲಿಲ್ಲ, ನೋಡಿ. ವರ್ಷವರ್ಷ ಮಕ್ಕಳಿಗೆ ಹೇಳುವುದನ್ನು ಒಡಹುಟ್ಟಿದವಳಿಗೆ ಹೇಳಲಿಲ್ಲ.

ಹೊರಗೆ ಓಡಿ ಫೋನ್ ಮಾಡಿದೆ. ಔಷಧಿ ಬೆರೆಸುವಾಗ ಬಾಟಲಿ ಮಗುಚಿ ನೈಟಿ ನೆನೆದಿದೆಯಂತೆ. ಹೂ ಒಯ್ಯುವ ಗಾಡಿ ಬರುವುದರೊಳಗೆ ಕೊಯ್ದಿಟ್ಟ ಹೂ ಕಟ್ಟಬೇಕೆಂದು ಬಟ್ಟೆ ಬದಲಿಸದೆ ಕೂತಿದ್ದಾಳೆ. ಪರಿಮಳವೇ ಅಲ್ಲವಾ ಎಂದು ನಕ್ಕಳು. ತಲೆ ಸ್ವಲ್ಪ ತಿರುಗುತ್ತದೆ, ಅಷ್ಟೇ ಎಂದಳು.

"ಕನ್ನಡಿಯಲ್ಲಿ ತುಟಿ ನೋಡು," ಎಂದೆ.

ಎದ್ದು ಹೋಗಿ ನೋಡಿದಳು. "ನೇರಳೆ ಹಣ್ಣು ತಿಂದ ಹಾಗೆ ಉಂಟಕ್ಕ. ನಾನು ತಿನ್ನಲೇ ಇಲ್ಲ."

ಬಟ್ಟೆ ಕಿತ್ತು ಸಾಬೂನು ಹಾಕಿ ತೊಳೆದುಕೋ ಎಂದು ಕಿರುಚಿ, ಅವಳ ನೆರೆಮನೆಯ ರಿಕ್ಷಾದವರಿಗೆ ಫೋನ್ ಮಾಡಿದೆ. ಇನ್ನೊಂದು ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಆಸ್ಪತ್ರೆಯಲ್ಲಿ. ಪುಣ್ಯಕ್ಕೆ ಬದುಕಿದಳು.

ಮನಸ್ಸಿನಲ್ಲಿದ್ದ ಅಳುಕೇ ವಾಸನೆಯಾಗಿ ಬಂದಿರಬೇಕು ಎಂದು ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳಿದರು. ಇರಬಹುದು. ಆದರೆ ಅದೇ ಪಾಠವನ್ನು ಹಿಂದಿನ ದಿನ ಇನ್ನೊಂದು ತರಗತಿಗೆ ಮಾಡಿದ್ದೆನಲ್ಲ, ಆಗೇಕೆ ಬರಲಿಲ್ಲ?

ನಳಿನಿ ಈಗಲೂ ಪ್ರತಿ ಶುಕ್ರವಾರ ಬಸ್ಸಿನಲ್ಲಿ ಕಟ್ಟಿ ಸುತ್ತಿದ ಒಂದು ಚೆಂಡು ಮಲ್ಲಿಗೆ ಕಳಿಸುತ್ತಾಳೆ. ಮುಖಕ್ಕೆ ಒತ್ತಿ ಹಿಡಿದು ಮೂಸುತ್ತೇನೆ. ಇವತ್ತಿನವರೆಗೂ ಯಾವ ವಾಸನೆಯೂ ಬಂದಿಲ್ಲ.