ಸುಣ್ಣದ ತಿಳಿಯಲ್ಲಿ ಅದ್ದಿದ ಗೆದಿ ಸೊಪ್ಪು

ಬೆಳಕು ಹರಿಯುವ ಹೊತ್ತಿಗೆ ಮೈಸ್ಕೆ ಲೊಂತೋ ಎಂಬವರು ತೊಂಡಾನೋ ಹೊಳೆಯ ಇಳಿಜಾರಿನಲ್ಲಿ ಬಗ್ಗಿದ್ದಾರೆ. ತುಂಬುತೋಳಿನ ಹಳೆ ಅಂಗಿ, ಸೊಂಟಕ್ಕೆ ಬುಟ್ಟಿ. ಕೆಂಪು ದಂಟಿನ ಕಾಡು ಗೆದಿಯ ಸುಂಕು ತಗುಲಿದರೆ ದಿನವಿಡೀ ತುರಿಕೆ. ಗೆದಿ ಬೆಂಡೆಯ ದಾಯಾದಿ. ಇದರ ಕಾಯಿ ಯಾರಿಗೂ ಬೇಡ, ಎಲೆ ಬೇಕು. ಎಲೆಯ ಲೋಳೆ ಸೇರದಿದ್ದರೆ ನಮ್ಮ ಮನಾಡೊದಲ್ಲಿ ಬೆಳಗಿನ ಕುಂಬಳಕಾಯಿ ಗಂಜಿ ಗಂಜಿಯೇ ಅಲ್ಲ.

ಗಂಜಿ ಅಂಗಡಿಯ ಬೆರ್ಟಿ ಬುಟ್ಟಿ ಕಂಡೊಡನೆ ಕೆಣಕುತ್ತಾರೆ: "ಏನ್ ತಾಂತಾ, ಇವತ್ತು ಎಲೆಗೆ ಸುಣ್ಣ ಬಳಿದಿಲ್ವಾ?"

ಊರಿಗೆಲ್ಲ ತಾಂತಾ, ಅಂದರೆ ಅತ್ತೆ, ಆಗಿರುವ ಮೈಸ್ಕೆ ಸೊಂಟದ ಬುಟ್ಟಿ ಇಳಿಸುತ್ತಾರೆ. ಸೊಪ್ಪು ಸುರಿದು ತಲೆ ತಗ್ಗಿಸಿ ಹೊರಡುತ್ತಾರೆ.

ಗಂಡ ಲವಂಗದ ಮರದಿಂದ ಬಿದ್ದು ಹಾಸಿಗೆ ಹಿಡಿದಂದಿನಿಂದ ಮನೆ ನಡೆಯುತ್ತಿರುವುದು ಈ ಸೊಪ್ಪಿನಿಂದ. ಹೋದ ವರ್ಷ ಪ್ರಯೋಗಾಲಯದ ಸೆಲ್ವಿಯೂ ಕಾಡು ಗೆದಿಯ ಎಲೆ ಕೇಳಿದರು. ಕಾಡಿನ ಗೆದಿಯಲ್ಲಿ, ಹಿತ್ತಿಲ ಗೆದಿಯಲ್ಲಿ ಲೋಳೆ, ಕಬ್ಬಿಣ, ಕ್ಯಾಲ್ಸಿಯಂ ಎಷ್ಟೆಷ್ಟು ಎಂದು ಹೋಲಿಸುವ ಕೆಲಸ ಅವರದು. ಗಿಡದಲ್ಲಿ ಇದ್ದ ಹಾಗೆಯೇ ತನ್ನಿ ಎಂದಿದ್ದರು.

"ಹುಳ ತಿಂದಿರೋ, ಮಣ್ಣು ಮೆತ್ತಿರೋ ಎಲೇನ ಓದಿದೋರ ಮುಂದೆ ಹೆಂಗಿಡ್ಲಿ ಹೇಳಿ?" ಎನ್ನುತ್ತಾರೆ ಮೈಸ್ಕೆ. ಅಜ್ಜಿ ಜಾಯಿಕಾಯಿ ಹಣ್ಣಿನ ಮುರಬ್ಬಕ್ಕೆ ಮಾಡುತ್ತಿದ್ದಂತೆ, ಎಲೆಗಳನ್ನು ಸುಣ್ಣದ ತಿಳಿನೀರಿನಲ್ಲಿ ಅದ್ದಿಟ್ಟರು. ಎಲೆ ಗರಿಗರಿಯಾಗಿ ನಿಂತಿತು.

ಕಾಡು ಗೆದಿಯ ಕ್ಯಾಲ್ಸಿಯಂ ಕಂಡು ಸೆಲ್ವಿಯೇ ಬೆರಗಾದರು. ಸುದ್ದಿ ಊರಿಡೀ ಹಬ್ಬಿತು. ಮೈಸ್ಕೆಯ ಬಸುರಿ ಸೊಸೆ ಯೂಲಿನ್, "ಮನೇಲೇ ಎಲೆ ಇದೆಯಲ್ಲತ್ತೆ, ಇದ್ಯಾಕೆ?" ಎಂದು ಕ್ಯಾಲ್ಸಿಯಂ ಮಾತ್ರೆ ನುಂಗುವುದನ್ನೇ ಬಿಟ್ಟಳು. ಅವಳನ್ನು ನೋಡಿ ಬೇರೆ ಬಸುರಿಯರೂ ಬಿಟ್ಟರು.

ಒಂದು ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಚರ್ಚಿನ ಅಂಗಳದಲ್ಲಿದ್ದಾಗ ಮೈಸ್ಕೆ ಹೆಮ್ಮೆಯಿಂದಲೇ ಕೇಳಿದರು: "ಅದೇನಮ್ಮ ಸೆಲ್ವಿ, ಕ್ಯಾಲ್ಸಿಯಂ ಅಂದ್ರೆ?"

"ಮೂಳೆಗೆ ಬೇಕಾದ್ದು ತಾಂತಾ. ನೀವು ಎಲೆ ಅಡಿಕೆಗೆ ಹಚ್ಕೊಳೋ ಸುಣ್ಣದಲ್ಲೂ ಅದೇ ಇರೋದು."

"ಭೂಮಿ ಬಾಯಿಬಿಟ್ಟು ನನ್ನ ನುಂಗಬಾರದಾ ಅನ್ನಿಸ್ತು," ಎನ್ನುವಾಗ ಈಗಲೂ ಮೈಸ್ಕೆಯ ಕಣ್ಣು ನೆಲ ನೋಡುತ್ತದೆ. "ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಯೂಲಿನ್ ಹೊಟ್ಟೆ ಹಿಡ್ಕೊಂಡು ಎದುರಿಗೇ ನಿಂತಿದ್ಲಲ್ಲ." ಎಲ್ಲರೆದುರು ಸುಣ್ಣದ ಕಥೆ ಹೇಳಿಬಿಟ್ಟರು. ಯಾರೋ ಕಿಸಕ್ಕೆಂದರು. ಆ ನಗು ಇನ್ನೂ ಕಿವಿಯಿಂದ ಹೋಗಿಲ್ಲವಂತೆ.

ಸೆಲ್ವಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಮೈಸ್ಕೆ. ಯೂಲಿನ್ ಅಂದೇ ಮತ್ತೆ ಮಾತ್ರೆ ನುಂಗತೊಡಗಿದಳು, ಉಳಿದ ಬಸುರಿಯರೂ. ಈಗ ಅವಳ ಮಗು ಅಂಬೆಗಾಲಿಡುತ್ತಿದೆ. ಮತ್ತೆ ಪರೀಕ್ಷಿಸಿದಾಗ ಕಾಡು ಗೆದಿಯ ಕ್ಯಾಲ್ಸಿಯಂ ಹಿತ್ತಿಲ ಗೆದಿಗಿಂತ ತುಸು ಹೆಚ್ಚು ಎಂದಷ್ಟೇ ಬಂತು.

ಇಂದೂ ಮೈಸ್ಕೆ ಪ್ರಯೋಗಾಲಯಕ್ಕೆ ಹಿಂಬಾಗಿಲಿನಿಂದ ಬರುತ್ತಾರೆ. ಮೇಜಿನ ಮೇಲೆ ಎಲೆ ಹರಡುತ್ತಾರೆ. ತೂತು, ಮಣ್ಣು, ಒಂದು ಹಸಿರು ಹುಳ. ಒರೆಸಲು ಕೈ ತಾನಾಗಿ ಅಂಗಿಯ ಅಂಚಿಗೆ ಹೋಗುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಇದ್ದಂಗೇ ತಂದಿದೀನಿ ಕಣಮ್ಮ," ಎನ್ನುತ್ತಾರೆ. "ನಾಚ್ಕೆ ನಂಗಿರ್ಲಿ. ಎಲೆಗೆ ಯಾಕೆ?"